ಬಾಯಾರಿಕೆಗೆ ಕಾಯಬೇಡಿ

ವಯಸ್ಸಾದ ಮೇಲೆ ಮೈ ಸುದ್ದಿ ತಡವಾಗಿ ಮುಟ್ಟಿಸುತ್ತದೆ. ನೀರು ಕಡಿಮೆಯಾದರೂ ಬಾಯಾರುವುದಿಲ್ಲ. ಪಾದ ಸುಟ್ಟರೂ ಉರಿ ಗೊತ್ತಾಗುವುದಿಲ್ಲ. ಬಿಪಿ ಏರಿದರೂ ತಲೆನೋವು ಬರಲೇಬೇಕೆಂದಿಲ್ಲ. ಶುಗರ್ ಇಳಿದರೂ ಕೆಲವೊಮ್ಮೆ ಕೈ ನಡುಗುವುದಿಲ್ಲ. ಎಪ್ಪತ್ತರ ಹತ್ತಿರ ಬಂದಿರುವ ನಾನು ಶುಗರ್, ಬಿಪಿ ಎರಡರ ಜೊತೆಗೂ ಬಾಳುತ್ತಾ ಕಲಿತದ್ದು ಮುಖ್ಯವಾಗಿ ಇದನ್ನೇ. "ನನಗೇನೂ ಆಗಿಲ್ಲ, ಆರಾಮ ಇದ್ದೀನಿ" ಎಂದು ನಮ್ಮ ಮಾತನ್ನು ನಾವೇ ನಂಬಿ ಕೂರುವ ವಯಸ್ಸು ಇದಲ್ಲ.

ನಾನು ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಅಡತ್ ಅಂಗಡಿಯೊಂದರ, ಅಂದರೆ ದಲಾಲಿ ಅಂಗಡಿಯ, ಗುಮಾಸ್ತನಾಗಿದ್ದೆ. ಹತ್ತಿ ಅಂಡಿಗೆ ಬಂದು ಇಳಿದರೆ ಹಳಬರು ಒಂದು ಹಿಡಿ ಹಿಚುಕಿ ನೋಡಿ ಹಸಿ ಎಷ್ಟಿದೆ ಅಂತ ಹೇಳುತ್ತಿದ್ದರು. ಅವರ ಅಂದಾಜು ತಪ್ಪುತ್ತಿದ್ದದ್ದು ಕಡಿಮೆ. ಆದರೂ ಪಟ್ಟಿ ಬರೆಯುವಾಗ ಕಾಟಾ ತೋರಿಸಿದ್ದೇ ಲೆಕ್ಕ, ಕೈಯಂದಾಜು ಯಾರೂ ಬರೆಯುತ್ತಿರಲಿಲ್ಲ. ನನ್ನ ಮೈಗೂ ಈಗ ಅದೇ ಪದ್ಧತಿ ಇಟ್ಟುಕೊಂಡಿದ್ದೇನೆ. ಅನಿಸಿದ್ದು ಬೇರೆ, ಅಳೆದದ್ದು ಬೇರೆ. ಅಳೆದದ್ದನ್ನು ಮಾತ್ರ ಪುಸ್ತಕಕ್ಕೆ ಹತ್ತಿಸುತ್ತೇನೆ.

ಮೊದಲು ನೀರಿನ ಮಾತು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಹರಿದರೂ ನಮ್ಮ ಜಿಲ್ಲೆಯ ಬಿಸಿಲು ಬಿಸಿಲೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಹೊಸ ಸುದ್ದಿಯಲ್ಲ. ಇಂಥ ಊರಿನಲ್ಲಿ ಬಾಯಾರಿಕೆಯನ್ನು ನಂಬಿ ನೀರು ಕುಡಿಯುವುದು ಅಪಾಯ. ವಯಸ್ಸಾದಂತೆ ಬಾಯಾರಿಕೆಯೇ ಮಂಕಾಗುತ್ತದೆ, ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ತಗ್ಗುತ್ತದೆ. ಶುಗರ್ ಏರಿದ್ದರೆ ಮೂತ್ರದ ಜೊತೆ ಇನ್ನಷ್ಟು ನೀರು ಹೊರಟುಹೋಗುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರಂತೂ ಕೇಳಲೇಬೇಡಿ.

ಹಾಗಾಗಿ ನಾನು ಗಡಿಯಾರ ನೋಡಿ ಕುಡಿಯುತ್ತೇನೆ. ಒಂದು ಲೀಟರ್ ಹಿಡಿಯುವ ಸ್ಟೀಲ್ ಬಾಟಲಿ ಇದೆ. ಬೆಳಿಗ್ಗೆ ತುಂಬಿಸಿದ್ದು ಮಧ್ಯಾಹ್ನದ ಊಟದೊಳಗೆ ಖಾಲಿಯಾಗಬೇಕು, ಮತ್ತೆ ತುಂಬಿಸಿದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಬೇಕು. ಕತ್ತಲಾದ ಮೇಲೆ ಕಡಿಮೆ ಮಾಡುತ್ತೇನೆ, ಇಲ್ಲದಿದ್ದರೆ ರಾತ್ರಿ ಎದ್ದೆದ್ದು ಬಚ್ಚಲಿಗೆ ಹೋಗುವಾಗ ಬೀಳುವ ಭಯ. ಮೂತ್ರದ ಬಣ್ಣವನ್ನೂ ನೋಡುತ್ತೇನೆ. ಹಳದಿ ದಟ್ಟವಾದರೆ ನೀರು ಸಾಲದು ಅಂತ ಅರ್ಥ. ಹನ್ನೊಂದರ ಹೊತ್ತಿಗೆ ತೆಳ್ಳನೆ ಮಜ್ಜಿಗೆ, ಉಪ್ಪಿಲ್ಲದೆ, ಜೀರಿಗೆ ಪುಡಿ ಹಾಕಿ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅವರು ದಿನಕ್ಕೆ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಬೇಕು.

ಬೇಸಿಗೆಯಲ್ಲಿ ಬಿಪಿ ಸಹ ಇಳಿಯುತ್ತದೆ. ಚಳಿಗಾಲಕ್ಕೆ ಸರಿಹೋದ ಗುಳಿಗೆ ಮೇ ತಿಂಗಳಿಗೆ ಜಾಸ್ತಿ ಆಗಬಹುದು. ಶಿವರಾತ್ರಿ ಕಳೆದ ಮೇಲೆ ನಾನು ಬಿಪಿಯನ್ನು ಎರಡು ಬಗೆಯಲ್ಲಿ ನೋಡುತ್ತೇನೆ: ಐದು ನಿಮಿಷ ಸುಮ್ಮನೆ ಕೂತು ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಡಾಕ್ಟರಿಗೆ ತಿಳಿಸಬೇಕು, ಹಾಗೆ ಇಳಿಯುವವರೇ ಹಾಸಿಗೆಯಿಂದ ಎದ್ದ ತಕ್ಷಣ ತಲೆ ತಿರುಗಿ ಬೀಳುವುದು. ಗುಳಿಗೆ ಕಡಿಮೆ ಮಾಡುವುದು ಅವರ ಕೆಲಸ, ನಾವೇ ಬಿಡಬಾರದು. ನಮ್ಮ ಕೆಲಸ ಅಂಕಿ ಬರೆದುಕೊಂಡು ಹೋಗಿ ತೋರಿಸುವುದು. ಮಲಗಿದಲ್ಲಿಂದ ಏಳುವಾಗ ನಾನು ಮೊದಲು ಕೂರುತ್ತೇನೆ, ಕಾಲು ಇಳಿಬಿಟ್ಟು ಪಾದ ನಾಲ್ಕು ಸಲ ಆಡಿಸುತ್ತೇನೆ, ಆಮೇಲೆ ಗೋಡೆ ಹಿಡಿದು ನಿಲ್ಲುತ್ತೇನೆ.

ಇನ್ನು ಪಾದ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಕಾಲು ಕಳೆದುಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ. ಶುಗರ್ ಬಹಳ ವರ್ಷ ಇದ್ದವರಿಗೆ ಪಾದದ ನರ ನಿಧಾನವಾಗಿ ಸ್ಪರ್ಶ ಕಳೆದುಕೊಳ್ಳುತ್ತದೆ. ಒಂದು ಸಲ ತಪಾಸಣೆಗೆ ಹೋದಾಗ ಡಾಕ್ಟರ್ ಹಿಡಿಕೆಗೆ ಸಿಕ್ಕಿಸಿದ ಸಣ್ಣ ನೈಲಾನ್ ಎಳೆ ತೆಗೆದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಕಣ್ಣು ಮುಚ್ಚಿಸಿದರು.

"ಮುಟ್ಟಿದ್ದು ಗೊತ್ತಾದಾಗ ಹೇಳ್ರಿ ಕಾಕಾ."

ಹಿಮ್ಮಡಿ ಹತ್ತಿರ ಗೊತ್ತಾಯಿತು, ಹೇಳಿದೆ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ.

"ಯಾಕ್ರಿ, ನಿಲ್ಲಿಸಿಬಿಟ್ರೇನು?" ಅಂದೆ.

"ಇಲ್ರಿ, ಹೆಬ್ಬೆರಳ ಕೆಳಗ ಒತ್ತಾಕತ್ತೀನಿ. ಕಣ್ ತೆಗೀರಿ."

ಕಣ್ಣು ತೆರೆದು ನೋಡಿದರೆ ಎಳೆ ನನ್ನ ಹೆಬ್ಬೆರಳ ಕೆಳಗೆ ಬಿಲ್ಲಿನ ಹಾಗೆ ಬಾಗಿತ್ತು. ಚರ್ಮ ಒಳಕ್ಕೆ ತಗ್ಗಿತ್ತು. ನನಗೆ ಏನೇನೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಯವರೆಗೆ ನನ್ನ ಕಾಲಿಗೆ ಯಾವ ತೊಂದರೆಯೂ ಇರಲಿಲ್ಲ. ನೋವಿಲ್ಲ, ಗಾಯವಿಲ್ಲ. ನೋವಿಲ್ಲದಿರುವುದೇ ಅಲ್ಲಿ ರೋಗವಾಗಿತ್ತು.

ಅವತ್ತಿನಿಂದ ಪಾದವನ್ನು ಕಣ್ಣಿನಿಂದ ಕಾಯುತ್ತಿದ್ದೇವೆ. ರಾತ್ರಿ ಊಟವಾದ ಮೇಲೆ ಹೆಂಡತಿ ಚಾಪೆ ಮೇಲೆ ಕೂತು "ಕಾಲ್ ಈ ಕಡೆ ಚಾಚ್ರಿ" ಅನ್ನುತ್ತಾಳೆ. ಬೆರಳ ಸಂದು, ಹಿಮ್ಮಡಿಯ ಬಿರುಕು, ಆಣಿ, ಬಣ್ಣ ಬದಲಾದ ಜಾಗ, ಎಲ್ಲವನ್ನೂ ಟಾರ್ಚ್ ಹಿಡಿದು ನೋಡುತ್ತಾಳೆ. ಅವಳು ಊರಲ್ಲಿಲ್ಲದಾಗ ನೆಲದ ಮೇಲೆ ಕನ್ನಡಿ ಇಟ್ಟು ನಾನೇ ನೋಡಿಕೊಳ್ಳುತ್ತೇನೆ. ಕಾಲು ತೊಳೆದ ಮೇಲೆ ಬೆರಳ ಸಂದಿಯಲ್ಲಿ ಹಸಿ ಉಳಿಯದಂತೆ ಒರೆಸುವುದು, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚುವುದು, ಸಂದಿಗೆ ಹಚ್ಚದಿರುವುದು. ಉಗುರು ನೇರವಾಗಿ ಕತ್ತರಿಸುವುದು, ಮೂಲೆ ಕೊರೆಯದಿರುವುದು. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಅಭ್ಯಾಸ ನಮ್ಮವರಿಗೆ ಬಹಳ. ಅದಂತೂ ಬೇಡವೇ ಬೇಡ.

ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುತ್ತೇನೆ. ಶುರುವಿನಲ್ಲಿ ಮನೆಯವರಿಗೆ ಇದು ಸರಿ ಕಾಣಲಿಲ್ಲ, ದೇವರ ಮನೆ, ಅಡುಗೆ ಮನೆ ಇರುವ ಕಡೆ ಚಪ್ಪಲಿಯೇ ಅಂತ. ಒಳಗೆ ಬೇರೆ ಜೋಡಿ, ಹೊರಗೆ ಬೇರೆ ಜೋಡಿ ಅಂತ ಮಾಡಿಕೊಂಡ ಮೇಲೆ ಮಾತು ನಿಂತಿತು. ಎಂಸಿಆರ್ ಚಪ್ಪಲಿ ಅಂತ ಕೇಳಿದರೆ ಸಿಗುತ್ತದೆ. ಮೆತ್ತನೆ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ. ಸಂಜೆ ಹೊತ್ತು ಹೋಗಿ ಕೊಳ್ಳಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಹಾಕಿಕೊಳ್ಳುವ ಮೊದಲು ಒಳಗೆ ಕಲ್ಲು, ಮುಳ್ಳು ಇದೆಯಾ ಅಂತ ಕೈ ಆಡಿಸುತ್ತೇನೆ.

ಗುಡಿಗೆ ಹೋಗುವುದೇ ದೊಡ್ಡ ಪ್ರಶ್ನೆ. ಮಂತ್ರಾಲಯವಾಗಲಿ, ಕೊಪ್ಪಳದ ಗವಿಮಠವಾಗಲಿ, ನಮ್ಮ ಜನ ಬರಿಗಾಲಲ್ಲೇ ನಡೆಯುವುದು. ಮಧ್ಯಾಹ್ನದ ಹಾಸುಗಲ್ಲು ಎಷ್ಟು ಕಾದಿರುತ್ತದೆ ಎಂದು ಸ್ಪರ್ಶವಿಲ್ಲದ ಪಾದಕ್ಕೆ ತಿಳಿಯುವುದಿಲ್ಲ. ಮನೆಗೆ ಬಂದು ನೋಡಿದರೆ ಬೊಬ್ಬೆ. ಒಂದು ಬೊಬ್ಬೆ ಕೀವಾಗಿ ಬೆರಳು ತೆಗೆಸುವ ತನಕ ಹೋಗಬಹುದು. ನಾನು ದರ್ಶನಕ್ಕೆ ಬೆಳಗಿನ ಜಾವವೇ ಹೋಗುತ್ತೇನೆ, ಕಲ್ಲು ತಂಪಿರುವಾಗ. ಹೊತ್ತೇರಿದ್ದರೆ ದಪ್ಪ ಹತ್ತಿ ಕಾಲುಚೀಲ ಹಾಕಿಕೊಂಡು, ನೆರಳು, ಚಾಪೆ ಹಾಸಿದ ಕಡೆ ಮಾತ್ರ ನಡೆಯುತ್ತೇನೆ.

ಊಟದ ವಿಷಯಕ್ಕೆ ಬಂದರೆ, ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಜೋಳ ಒಳ್ಳೆಯದೇ, ನಾರು ಇದೆ, ಹೊಟ್ಟೆ ತಡೆಯುತ್ತದೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೇ ಇರುತ್ತದೆ. ಅದು ಸಕ್ಕರೆಯಾಗಿಯೇ ರಕ್ತಕ್ಕೆ ಸೇರುವುದು. ನಾವು ಒಮ್ಮೆ ರೊಟ್ಟಿಯ ಹಿಟ್ಟು ತೂಗಿ ನೋಡಿದೆವು. ತಟ್ಟುವ ಕೈ ಬದಲಾದರೆ ರೊಟ್ಟಿಯ ತೂಕವೂ ಬದಲಾಗುತ್ತದೆ! ಈಗ ತೆಳ್ಳನೆಯ ಎರಡು ರೊಟ್ಟಿ, ತಟ್ಟೆಯ ಅರ್ಧದಷ್ಟು ಪಲ್ಯ. ಪುಂಡಿಪಲ್ಯ, ಮೆಂತ್ಯ, ಹೀರೆಕಾಯಿ, ಯಾವುದಾದರೂ ಸರಿ. ಜೊತೆಗೆ ಹೆಸರುಕಾಳೋ ಮಡಿಕೆಕಾಳೋ ಒಂದು ಬಟ್ಟಲು, ಮೊಸರು. ಕಾಳು ಬಿಡಬಾರದು. ಈ ವಯಸ್ಸಿನಲ್ಲಿ ಮಾಂಸಖಂಡ ಕರಗುವುದು ಜಾಸ್ತಿ, ಪ್ರೋಟೀನ್ ಸಾಲದಿದ್ದರೆ ಇನ್ನೂ ಜಾಸ್ತಿ. ಕಿಡ್ನಿ ತೊಂದರೆ ಇದ್ದವರು ಕಾಳಿನ ಪ್ರಮಾಣವನ್ನೂ ಕೇಳಿಕೊಳ್ಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಎಲ್ಲ ಭತ್ತದ ನಾಡಾದವು, ರಾತ್ರಿ ಅನ್ನ ನಮ್ಮ ಮನೆಗಳಲ್ಲೂ ಖಾಯಂ ಆಯಿತು. ಅದನ್ನು ಒಂದು ಸಣ್ಣ ಬಟ್ಟಲಿಗೆ ಇಳಿಸಿದ್ದೇನೆ. ಪೂರ್ತಿ ಬಿಟ್ಟಿಲ್ಲ, ಬಿಟ್ಟರೆ ಮನಸ್ಸು ಅದನ್ನೇ ನೆನೆಯುತ್ತದೆ. ಒಗ್ಗರಣೆ ಮಂಡಾಳು, ಮಿರ್ಚಿಯೂ ಅಷ್ಟೇ, ಅಪರೂಪಕ್ಕೆ ಉಂಟು.

ಉಪ್ಪಿನ ಲೆಕ್ಕ ಮಾತ್ರ ನನಗೆ ಬಹಳ ಹಿಡಿಸಿದ್ದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಬ್ಬರಿಗೆ 10 ಗ್ರಾಂ. ಅಂದರೆ ಒಂದು ಕೆಜಿ ಪಾಕೆಟ್ ನಮ್ಮಿಬ್ಬರಿಗೆ 100 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರದ ಉಪ್ಪು ಬೇರೆ ಇರುವುದರಿಂದ ಇನ್ನೂ ಜಾಸ್ತಿ ದಿನ ಬರಬೇಕು. ಪಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯುತ್ತೇವೆ. ಯಾರು ಎಷ್ಟು ಹಾಕಿದರು ಅಂತ ದಿನಾ ಜಗಳವಾಡುವ ಬದಲು ಈ ತಾರೀಖು ಸಾಕು. ಹೆಂಡತಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗೆ ಉಪ್ಪು ತಗ್ಗಿಸಿ, ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿದಳು. ನಾಲಿಗೆ ಕೆಲವು ವಾರದಲ್ಲಿ ಒಗ್ಗಿತು.

ಶುಗರ್ ಏರುವುದಕ್ಕಿಂತ ಇಳಿಯುವುದಕ್ಕೆ ನಾನು ಹೆಚ್ಚು ಹೆದರುತ್ತೇನೆ. ನನಗೆ ರಾತ್ರಿ ಇನ್ಸುಲಿನ್ ಇದೆ, ಎದೆಬಡಿತ ತಗ್ಗಿಸುವ ಬಗೆಯ ಬಿಪಿ ಗುಳಿಗೆಯೂ ಇದೆ. ಆ ಗುಳಿಗೆ ಶುಗರ್ ಇಳಿದಾಗ ಬರುವ ನಡುಕ, ಎದೆ ಡವಡವವನ್ನು ಮುಚ್ಚಿಬಿಡುತ್ತದೆ. ಬೆವರು ಮಾತ್ರ ಬರುತ್ತದೆ. ಆದರೆ ರಾಯಚೂರಿನ ಬೇಸಿಗೆಯಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ ಹೇಳಿ? ಹಾಗಾಗಿ ಮಂಕು ಕವಿದಂತಾದರೆ, ಹೊತ್ತಲ್ಲದ ಹೊತ್ತಲ್ಲಿ ಬೆವರಿದರೆ, ತಕ್ಷಣ ಮೀಟರ್. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಏರದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ಏನಾದರೂ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ಇದನ್ನು ಮೊಮ್ಮಗನಿಗೂ ಕಲಿಸಿದ್ದೇನೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ವಯಸ್ಸಾದ ಕೆಲವರಿಗೆ ಡಾಕ್ಟರುಗಳು 7.5, 8ರ ತನಕವೂ ಒಪ್ಪುವುದು ಈ ಇಳಿತದ ಭಯಕ್ಕೇ. ಪಕ್ಕದ ಮನೆಯವರದು 6.5 ಬಂತಂತೆ ಎಂದು ನಾವು ಪೈಪೋಟಿಗೆ ಇಳಿಯಬೇಕಿಲ್ಲ.

ಶ್ರಾವಣ ಸೋಮವಾರ ನನಗೆ ಚಿಕ್ಕಂದಿನಿಂದಲೂ ಒಪ್ಪತ್ತು. ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದೆ. ಅವರು ಬಿಡಿ ಅನ್ನಲಿಲ್ಲ. ಆ ದಿನದ ಇನ್ಸುಲಿನ್ ಎಷ್ಟು ತಗೋಬೇಕು, ಎಷ್ಟು ಹೊತ್ತಿಗೆ ಏನು ತಿನ್ನಬೇಕು ಎಂದು ಬರೆದುಕೊಟ್ಟರು. ಸಾಬೂದಾನಿ ಬೇಡ, ಹಾಲು, ಶೇಂಗಾ, ಒಂದು ಪೇರಲ ಸಾಕು ಅಂದರು.

ಒಡೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿರುತ್ತದೆ, ಮಂಜುಗಟ್ಟುವ ಖಾನೆಯಲ್ಲಿ ಇಡಲೇಬಾರದು. ಬಳಸುತ್ತಿರುವ ಪೆನ್ನು ಹೊರಗಿಡಬಹುದು ಅನ್ನುತ್ತಾರೆ, ಆದರೆ ಅದು 30 ಡಿಗ್ರಿಯೊಳಗಿನ ಮಾತು. ಕರೆಂಟ್ ಹೋದಾಗ ನಮ್ಮ ನಡುಮನೆಯೇ ಅದಕ್ಕಿಂತ ಬಿಸಿ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ಎರಡು ಹೊತ್ತು ನೀರು ಹಾಕುತ್ತೇವೆ. ಪೆನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಟ್ಟು ಒದ್ದೆ ಬಟ್ಟೆ ಮುಚ್ಚಿದರೆ ತಂಪಾಗಿರುತ್ತದೆ.

ನಡಿಗೆ ಮಾವಿನ ಕೆರೆ ಕಡೆಗೆ, ಸೂರ್ಯ ಮೇಲೇರುವ ಮೊದಲು. ಹೆಚ್ಚು ಹೇಳುವುದಿಲ್ಲ, ನಡಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ನಡಿಗೆಯೊಂದೇ ಸಾಲದು, ತೊಡೆಗೆ ಬಲ ಬೇಕು. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇಷ್ಟನ್ನು ವಾರಕ್ಕೆ ಮೂರು ನಾಲ್ಕು ದಿನ ಮಾಡುತ್ತೇನೆ. ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆದ ಮೊಣಕಾಲು ಇವು, ಈಗ ನೆಲದಿಂದ ಏಳುವುದು ಮತ್ತೆ ಹಗುರಾಗಿದೆ.

ಕೊನೆಗೆ ಗುಳಿಗೆ ಚೀಲ. ಆಸ್ಪತ್ರೆಗೆ ಹೋಗುವಾಗ ಚೀಟಿ ಮಾತ್ರ ಒಯ್ಯುವುದಿಲ್ಲ. ಮನೆಯಲ್ಲಿರುವ ಎಲ್ಲ ಗುಳಿಗೆ, ಮೊಣಕಾಲಿಗೆ ಹಚ್ಚುವ ಎಣ್ಣೆ, ಯಾರೋ ಕೊಟ್ಟ ಕಷಾಯದ ಪುಡಿ, ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ನೋವಿನ ಗುಳಿಗೆಗಳು ಕಿಡ್ನಿಗೆ ಕೆಟ್ಟವು, ಬಿಪಿಯನ್ನೂ ಏರಿಸುತ್ತವೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ಬಿ12 ಕಡಿಮೆಯಾಗಬಹುದು, ಅದನ್ನೂ ಆಗಾಗ ನೋಡಿಸಬೇಕು. ಹೀಗೆ ಒಮ್ಮೆ ಸುರಿದಾಗಲೇ ಇಬ್ಬರು ಡಾಕ್ಟರುಗಳು ಬರೆದ ಎರಡು ಬೇರೆ ಬೇರೆ ಹೆಸರಿನ ಗುಳಿಗೆ ಒಳಗೆ ಒಂದೇ ಔಷಧ ಅಂತ ಗೊತ್ತಾದದ್ದು. ಒಂದನ್ನು ಅಲ್ಲೇ ನಿಲ್ಲಿಸಿದರು. ಈಗ ಪುಸ್ತಕದಲ್ಲಿ ಕಂಪನಿ ಇಟ್ಟ ಹೆಸರು ಬರೆಯುವುದಿಲ್ಲ, ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಅದರ ಮಿಲಿಗ್ರಾಂ ಬರೆಯುತ್ತೇನೆ. ಜನೌಷಧಿ ಕೇಂದ್ರದಲ್ಲಿ ಕೊಳ್ಳುವಾಗಲೂ ಆ ಹೆಸರನ್ನೇ ತೋರಿಸುತ್ತೇನೆ, ಖರ್ಚೂ ಇಳಿದಿದೆ.