ಟ್ಯಾಗ್ ಮಗಳದ್ದು, ಹೋಂವರ್ಕ್ ಅಪ್ಪನದ್ದು: ಕೊಲೊರಾಡೋದ ಸರ್ಕಾರಿ ಕಾಡಿನಲ್ಲಿ ಎಲ್ಕ್ ಬೇಟೆ

ಮಗಳಿಗೆ ಹನ್ನೆರಡು ತುಂಬಿದ ವರ್ಷ ಅವಳ ಗೆಳತಿಯೊಬ್ಬಳು ಅಪ್ಪನ ಜೊತೆ ಎಲ್ಕ್ ಬೇಟೆಗೆ ಹೋಗಿ ಬಂದಳು. ಅಲ್ಲಿಂದ ಶುರು. "ಪಪ್ಪಾ, ನಾವೂ ಹೋಗೋಣ." ನಾನು ವಿರಾಜಪೇಟೆ ಕಡೆಯವನು. ಕೈಲ್ ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಕೈ ಮುಗಿದು ಗೊತ್ತು. ಬೇಟೆ ಮಾತ್ರ ಅಜ್ಜನ ಬಾಯಲ್ಲಿ ಕೇಳಿದ್ದು ಅಷ್ಟೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಬಾಗಿಲು ಮುಚ್ಚಿತು. ಡೆನ್ವರ್‌ನಲ್ಲಿ ಕೂತು ಅದನ್ನು ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯಲಿಲ್ಲ.

ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಆದರೆ ಇನ್ನೂ ದೊಡ್ಡದು. ಕೊಲೊರಾಡೋದಲ್ಲಿ 2.5 ಲಕ್ಷಕ್ಕೂ ಜಾಸ್ತಿ ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಇಲ್ಲಿನ ಲೆಕ್ಕ ಹೀಗೆ: ಕಾಡುಪ್ರಾಣಿ ಜಮೀನಿನ ಒಡೆಯನದ್ದಲ್ಲ, ಜನರದ್ದು. ಅದನ್ನು ನೋಡಿಕೊಳ್ಳುವುದು ರಾಜ್ಯದ ಕೆಲಸ. ಕೊಲೊರಾಡೋ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್, ಅಂದರೆ ಸಿಪಿಡಬ್ಲ್ಯು, ಇಡೀ ರಾಜ್ಯವನ್ನು ಯೂನಿಟ್‌ಗಳಾಗಿ ಹಂಚಿದೆ. ಯಾವ ಯೂನಿಟ್‌ನಲ್ಲಿ, ಯಾವ ವಾರ, ಗಂಡೋ ಹೆಣ್ಣೋ ಅಂತ ಗೊತ್ತು ಮಾಡಿ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ ಚೀಟಿ, ಮಾರುತ್ತದೆ. ಬಂದ ದುಡ್ಡು ಆ ಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್, ಗುಂಡುಗಳ ಮೇಲೆ 11% ತೆರಿಗೆ ಇದೆ. ಅದೂ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಸೇರುತ್ತದೆ. ಬೇಟೆಯಾಡುವವನೇ ಕಾಡಿಗೆ ಖರ್ಚು ಕೊಡುವುದು ನನಗೆ ಮೊದಲು ವಿಚಿತ್ರ ಅನಿಸಿತ್ತು. ಈಗ ಅಭ್ಯಾಸವಾಗಿದೆ.

ಮೊದಲು ವೀಸಾ ಮಾತು ಮುಗಿಸಿಬಿಡೋಣ. ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ, ಎಲ್-1, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾಗಳ (ಕೆಲಸ, ಓದು, ಪ್ರವಾಸದ್ದು) ಮೇಲೆ ಬಂದವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿಗಳಿವೆ. ನಮಗೆ ಬೇಕಾದದ್ದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. "ಬಾರೋ, ಭಾನುವಾರ ಸುಮ್ನೆ ರೇಂಜ್‌ಗೆ ಹೋಗಿ ನಾಲ್ಕು ಗುಂಡು ಹೊಡೆಯೋಣ" ಅಂತ ಸಹೋದ್ಯೋಗಿ ಕರೆದರೂ ಇದೇ ಮಾತು. ಸಣ್ಣ ಪ್ರಾಣಿಗಳ ಬೇಟೆ ಲೈಸೆನ್ಸ್ ಅಗ್ಗಕ್ಕೆ ಸಿಗುತ್ತದೆ, ಅದೂ ನಡೆಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಸ್ಟೇಟಸ್ ಬಗ್ಗೆ ಒಂಚೂರು ಅನುಮಾನ ಇದ್ದರೂ ಇಮಿಗ್ರೇಷನ್ ವಕೀಲರನ್ನು ಕೇಳಿ. ಒಂದು ಎಲ್ಕ್‌ಗೋಸ್ಕರ ವೀಸಾ ಕಳೆದುಕೊಳ್ಳುವುದು ಬೇಡ.

ನಮ್ಮಪ್ಪ ಊರಿನಿಂದ ಬಂದಾಗ ಇದೇ ಆಯಿತು. ಕೊಡವರಿಗೆ ಊರಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯಲ್ಲ, ಅದೇ ಗತ್ತಿನಲ್ಲಿ ಮೇಜಿನ ಮೇಲಿದ್ದ ರೈಫಲ್‌ಗೆ ಕೈ ಚಾಚಿದರು. ನಾನು ತಡೆದೆ. ಒಂದು ದಿನ ಮಾತು ಬಿಟ್ಟಿದ್ದರು. ಬಿ-2 ವೀಸಾ, ಲೈಸೆನ್ಸ್ ಇಲ್ಲ, ಏನು ಮಾಡಲಿ? ಸುಮ್ಮನೆ ಜೊತೆಗೆ ನಡೆದು ಬರಲು ಯಾವ ಲೈಸೆನ್ಸೂ ಬೇಡ. ಹಾಗೇ ಬಂದರು, ಹೆಗಲಿಗೆ ಬೈನಾಕ್ಯುಲರ್ ಹಾಕಿಕೊಂಡು.

ಇನ್ನು ಮಕ್ಕಳ ವಿಷಯ. ದೊಡ್ಡ ಪ್ರಾಣಿಗಳ ಬೇಟೆಗೆ ಕನಿಷ್ಠ 12 ವರ್ಷ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರೂ ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿರಬೇಕು. 12ರಿಂದ 15ರವರೆಗಿನ ಮಕ್ಕಳ ಜೊತೆ 18 ದಾಟಿದ ದೊಡ್ಡವರೊಬ್ಬರು ಇರಲೇಬೇಕು. ಆ ದೊಡ್ಡವರಿಗೆ ಟ್ಯಾಗ್ ಬೇಕಿಲ್ಲ, ಆದರೆ ಕೋರ್ಸಿನ ನಿಯಮ ಅವರಿಗೂ ಉಂಟು. ಇಬ್ಬರೂ ಬೈನಾಕ್ಯುಲರ್, ವಾಕಿಟಾಕಿ ಇಲ್ಲದೆ ಒಬ್ಬರಿಗೊಬ್ಬರು ಕಾಣಬೇಕು, ಮಾತು ಕೇಳಿಸಬೇಕು. "ನೀನು ಆ ಕಡೆ ಹೋಗು, ನಾನು ಈ ಕಡೆ" ಅನ್ನುವಂತಿಲ್ಲ. ನಾನು ಮಗಳ ಪಕ್ಕದಲ್ಲೇ ಕೂತು ಕೋರ್ಸ್ ಮಾಡಿದೆ. ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಜಾಸ್ತಿ ಬಂತು, ಇವತ್ತಿಗೂ ಹೇಳುತ್ತಾಳೆ.

ಟ್ಯಾಗ್‌ಗೆ ಮುಖ್ಯ ದಾರಿ ಡ್ರಾ, ಅಂದರೆ ಲಾಟರಿ. ಮಾರ್ಚ್ 1ರಿಂದ ಏಪ್ರಿಲ್ ಮೊದಲ ವಾರದವರೆಗೆ ಅರ್ಜಿ ಹಾಕುವ ಸಮಯ. ಆರು ತಿಂಗಳು ಇಲ್ಲಿ ವಾಸವಿದ್ದರೆ ರೆಸಿಡೆಂಟ್ ದರ. ಹೊರಗಿನವರಿಗೆ ಅದರ ಹಲವು ಪಟ್ಟು ಜಾಸ್ತಿ. ಬಯಸಿದ್ದು ಸಿಗದಿದ್ದರೆ ಪ್ರಿಫರೆನ್ಸ್ ಪಾಯಿಂಟ್ ಸಿಗುತ್ತದೆ, ಮುಂದಿನ ಸಲ ಸಾಲಿನಲ್ಲಿ ಮುಂದೆ ಬರುತ್ತೀರಿ. ಹೆಣ್ಣು ಎಲ್ಕ್ ಟ್ಯಾಗ್‌ಗಳಲ್ಲಿ ಒಂದು ಪಾಲು ಮಕ್ಕಳಿಗೇ ಮೀಸಲು. ನನ್ನ ಮಾತು ಕೇಳಿದರೆ ಮಕ್ಕಳಿಗೆ ಅದನ್ನೇ ಹಾಕಿ. ಗಂಡಾದರೆ ಬಹಳ ಕಡೆ ಕೊಂಬಿನಲ್ಲಿ ನಾಲ್ಕು ಕವಲು ಎಣಿಸಬೇಕು, ಇಲ್ಲವೇ ಹಣೆಯ ಕವಲು ಐದು ಇಂಚು ಇದೆಯಾ ನೋಡಬೇಕು. ಎದೆ ಹೊಡೆದುಕೊಳ್ಳುವಾಗ ಹದಿಮೂರರ ಹುಡುಗಿಗೆ ಅದೆಲ್ಲ ಯಾಕೆ?

ಬಟ್ಟೆಗೆ ಬಂದರೆ, ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಬೇಕು, ತಲೆಗೆ ಅದೇ ಬಣ್ಣದ ಟೋಪಿಯೂ. ನಮ್ಮಪ್ಪನಿಗೆ ಕಡ್ಡಾಯ ಇರಲಿಲ್ಲ, ಆದರೂ ಹಾಕಿಸಿದೆ. "ರಸ್ತೆ ಕೆಲಸದವರ ಥರ ಕಾಣ್ತೀವಿ" ಅಂದರು.

ಈಗ ಜಾಗ. ಪಬ್ಲಿಕ್ ಲ್ಯಾಂಡ್ ಅಂದರೆ ಮುಖ್ಯವಾಗಿ ನ್ಯಾಷನಲ್ ಫಾರೆಸ್ಟ್ ಮತ್ತು ಬಿಎಲ್ಎಂ (ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಇಲಾಖೆ) ಜಮೀನು. ನ್ಯಾಷನಲ್ ಪಾರ್ಕ್ ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ನಾವು ಹೋಗಿದ್ದು ಮೀಕರ್ ಊರಿನ ಹತ್ತಿರ, ವೈಟ್ ರಿವರ್ ನ್ಯಾಷನಲ್ ಫಾರೆಸ್ಟಿಗೆ. ಬಹಳ ಕಡೆ ಟೆಂಟ್ ಹಾಕಲು, ನಡೆಯಲು ಯಾರನ್ನೂ ಕೇಳಬೇಕಿಲ್ಲ. ಆದರೆ ಪಕ್ಕದಲ್ಲೇ ಖಾಸಗಿ ರಾಂಚ್‌ಗಳಿವೆ. ಕೊಲೊರಾಡೋದಲ್ಲಿ ಖಾಸಗಿ ಜಮೀನಿಗೆ ಬೋರ್ಡ್ ಹಾಕಲೇಬೇಕು ಅಂತಿಲ್ಲ. ಗಡಿ ಗೊತ್ತಿರಬೇಕಾದವರು ನೀವೇ. ನಾನು ಫೋನಿನಲ್ಲಿ ಮ್ಯಾಪ್ ಇದೆ ಅಂತ ಧೈರ್ಯವಾಗಿದ್ದೆ. ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಹೋಯಿತು. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಲಿಲ್ಲ. ಬೆಳಗಿನ ಎರಡು ಗಂಟೆ ಹಾಗೇ ಹಾಳು. ಕಾಗದದ ಮ್ಯಾಪೂ ಒಂದು ಬ್ಯಾಗಿನಲ್ಲಿರಲಿ.

ಮೊದಲ ವರ್ಷ, ನವೆಂಬರ್, ಮೂರನೇ ರೈಫಲ್ ಸೀಸನ್. ಮೊಣಕಾಲಿನ ಅರ್ಧದವರೆಗೆ ಹಿಮ. ಬೆಳಕು ಹರಿಯುವಾಗ ಆಸ್ಪೆನ್ ಮರಗಳ ಅಂಚಿನಲ್ಲಿ ಏಳೆಂಟು ಹೆಣ್ಣು ಎಲ್ಕ್ ಬಂದವು, ಉಸಿರು ಹೊಗೆಯಾಡುತ್ತಿತ್ತು. ಮಗಳು ನನ್ನ ಬ್ಯಾಗಿನ ಮೇಲೆ ರೈಫಲ್ ಊರಿ ಮಲಗಿದಳು. ಮುಂದಿನದು ಅಡ್ಡಲಾಗಿ ನಿಂತಿತ್ತು. ಇದೇ ಸಮಯ ಅಂತ ನಾನು ಕಾಯುತ್ತಿದ್ದೇನೆ. ಅವಳು ಬೆರಳನ್ನು ಟ್ರಿಗರ್‌ನಿಂದ ಆಚೆಯೇ ಇಟ್ಟು ಪಿಸುಗುಟ್ಟಿದಳು: "ಬೇಡ ಪಪ್ಪಾ, ಹಿಂದೆ ಇನ್ನೊಂದಿದೆ." ಗುಂಡು ಒಂದನ್ನು ದಾಟಿ ಇನ್ನೊಂದಕ್ಕೂ ತಗಲಬಹುದು, ಕೋರ್ಸಿನಲ್ಲಿ ಹೇಳಿದ್ದೇ. ನನಗೆ ಹಿಂದಿನದು ಕಂಡೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಹಿಂಡು ಬೇಲಿ ಹಾರಿ ರಾಂಚ್‌ಗೆ ಇಳಿಯಿತು. ಅಲ್ಲಿಗೆ ಆ ವರ್ಷದ ಕಥೆ ಮುಗಿಯಿತು.

ಮರುವರ್ಷ ಸಿಕ್ಕಿತು. ಸಿಕ್ಕ ಮೇಲೆಯೇ ನಿಜವಾದ ಕೆಲಸ. ಟ್ಯಾಗ್ ಕಿತ್ತು, ಸಹಿ ಹಾಕಿ, ತಾರೀಕು ಬರೆಯಬೇಕು. ಗಂಡೋ ಹೆಣ್ಣೋ ತಿಳಿಯುವ ಗುರುತು ಮಾಂಸದ ಮೇಲೆ ಹಾಗೇ ಉಳಿಸಬೇಕು. ತಿನ್ನುವ ಮಾಂಸ ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ನಾಲ್ಕೂ ಕಾಲಿನ ಮಾಂಸ, ಬೆನ್ನಿನ ಮಾಂಸ ಎಲ್ಲ ಹೊತ್ತು ತರಬೇಕು. ಜೀಪ್ ತರಬಹುದಲ್ವಾ ಅಂತ ಕೇಳಬೇಡಿ. ವಿಲ್ಡರ್‌ನೆಸ್ ಅಂತ ಗುರುತಿಸಿದ ಜಾಗದಲ್ಲಿ ಕೈಗಾಡಿಗೂ ಅವಕಾಶವಿಲ್ಲ. ನಾನು, ಮಗಳು, ಒಬ್ಬ ಗೆಳೆಯ ಸೇರಿ ಮೂರು ಸಲ ಹತ್ತಿ ಇಳಿದೆವು. ಕತ್ತಲಾಗಿತ್ತು. ಟ್ರಕ್ ಇರುವಲ್ಲಿಂದ ಒಂದು ಮೈಲಿಗಿಂತ ದೂರ ಹೊಡೆಯಬೇಡಿ, ಇದು ನನ್ನ ಬೆನ್ನಿನ ಸಲಹೆ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಜಿಂಕೆ ಜಾತಿಗೆ ಬರುವ ಒಂದು ರೋಗ ಇಲ್ಲಿದೆ. ತಲೆಯನ್ನು ಸಿಪಿಡಬ್ಲ್ಯು ಕಚೇರಿಗೆ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ. ಕೆಲವು ಯೂನಿಟ್‌ಗಳಿಗೆ ಕಡ್ಡಾಯ. ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರ್‌ನಲ್ಲಿ ಮುಟ್ಟದೆ ಇಟ್ಟೆವು. ಮಾಂಸ ಮಾರುವಂತಿಲ್ಲ, ಹಂಚಬಹುದು. ಕನ್ನಡ ಕೂಟದ ನಾಲ್ಕು ಮನೆಗೆ ಹೋಯಿತು.

ರೋಗ ಇಲ್ಲ ಅಂತ ಗೊತ್ತಾದ ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಿದೆವು. ಅಡುಗೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಯಾವಾಗ ಹಾಕಬೇಕು ಅಂತ ಅಪ್ಪ ಮೊಮ್ಮಗಳಿಗೆ ಹೇಳಿಕೊಟ್ಟರು. ಪಂದಿಯಷ್ಟು ಕೊಬ್ಬಿಲ್ಲ, ಎಣ್ಣೆ ಸ್ವಲ್ಪ ಜಾಸ್ತಿ ಬೇಕಾಯಿತು.