ಕಂಪನಿ ಕೈ ಬದಲಾಗುವ ವರ್ಷ ಸಂತೋಷಕೂಟ ಮಾಡುವುದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಸಿಬ್ಬಂದಿ ಮತ್ತು ಆಡಳಿತದ ಕೆಲಸ ನನ್ನದು. ಡಿಸೆಂಬರಿನ ಸಂತೋಷಕೂಟ ಪ್ರತಿ ವರ್ಷ ನನ್ನ ಹೆಗಲಿಗೇ ಬರುತ್ತದೆ. ನಮ್ಮ ಕಂಪನಿ ಪುಣೆಯ ಇನ್ನೊಂದು ಕಂಪನಿಯೊಳಗೆ ಸೇರಿದ ವರ್ಷವೂ ಬಂತು. ಅಕೌಂಟ್ಸ್ ವಿಭಾಗ ಪುಣೆಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಡಿಸೈನ್ ಹುಡುಗರಲ್ಲಿ ಹಲವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಸರ್ವಿಸ್ ಎಂಜಿನಿಯರುಗಳು ಮುಧೋಳ, ಜಮಖಂಡಿ, ಇಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬೀಡುಬಿಟ್ಟಿದ್ದರು. ಡಿಸೆಂಬರ್ ಎಂದರೆ ಕಬ್ಬು ನುರಿಸುವ ಹಂಗಾಮು. ಗಾಣದ ಮೇಲಿನ ರೋಲರಿಗೆ ಒತ್ತಡ ಕೊಡುವ ಹೈಡ್ರಾಲಿಕ್ ಕೈಕೊಟ್ಟರೆ ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಹಾಗಾಗಿ ಅವರನ್ನು ಕಾರ್ಖಾನೆ ಬಿಟ್ಟು ಬನ್ನಿ ಎನ್ನುವಂತಿಲ್ಲ. ಅರ್ಧ ಮಂದಿ ಹಾಲ್‌ನಲ್ಲಿ, ಅರ್ಧ ಮಂದಿ ಪರದೆಯ ಮೇಲೆ. ಕೂಟ ಹೀಗೇ ಆಗಬೇಕಿತ್ತು.

ಇಂಥ ವರ್ಷ ಕೂಟವೇ ಬೇಡ ಎನ್ನುವವರು ಇರುತ್ತಾರೆ. ನಾನು ಬೇಕು ಎನ್ನುತ್ತೇನೆ. ಜೊತೆಗೆ ದುಡಿದವರು ಒಂದು ಕಡೆ ಕೂತು ಉಂಡು, ಒಬ್ಬರಿಗೊಬ್ಬರು ನಾಲ್ಕು ಮಾತು ಹೇಳದೆ ಚದುರಿಹೋಗುವುದು ಸರಿಯಲ್ಲ. ಆದರೆ ಒಂದು ಷರತ್ತನ್ನು ಗಟ್ಟಿಯಾಗಿ ಹಿಡಿಯಬೇಕು: ಬದಲಾವಣೆಯ ಸುದ್ದಿ ಹೇಳಲು ಕೂಟವನ್ನು ಬಳಸಬಾರದು. ಉಳಿದ ತಯಾರಿಯೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಸುದ್ದಿ ಮುಗಿಸಿ

ಈ ಭಾಗದವರಿಗೆ ವಿಲೀನ ಹೊಸದಲ್ಲ. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಬಿಜಾಪುರ ಗ್ರಾಮೀಣ ಬ್ಯಾಂಕ್ ಮುಂತಾದವು ಸೇರಿ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆದವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ಕ್ಕೆ ವಿಕಾಸ ಗ್ರಾಮೀಣ ಬ್ಯಾಂಕೂ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಹೋಯಿತು. ಧಾರವಾಡದಲ್ಲಿದ್ದ ಪ್ರಧಾನ ಕಚೇರಿಯ ಜಾಗಕ್ಕೆ ಬಳ್ಳಾರಿ ಬಂತು. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅಣ್ಣನೋ ಭಾವನೋ ಬ್ಯಾಂಕಿನವರು. ವರ್ಗ ಎಲ್ಲಿಗೆ, ಸೀನಿಯಾರಿಟಿ ಏನಾಗುತ್ತದೆ, ಮಕ್ಕಳ ಶಾಲೆ ಏನು ಮಾಡುವುದು ಎಂಬ ಮಾತುಗಳನ್ನು ರಾತ್ರಿ ಊಟದ ಹೊತ್ತಿಗೆ ಕೇಳಿ ಬೆಳೆದವರೇ ಕಂಪನಿಯಲ್ಲೂ ಇರುತ್ತಾರೆ. ಅವರ ತಲೆಯಲ್ಲಿ ಈ ಪ್ರಶ್ನೆಗಳಿರುವಾಗ ಬಲೂನು ಕಟ್ಟಿ ಹಾಡು ಹಾಕಿದರೆ ಯಾರ ಮನಸ್ಸೂ ಅಲ್ಲಿ ನಿಲ್ಲುವುದಿಲ್ಲ.

ನಮ್ಮ ಸ್ಟೋರ್ಸ್‌ನ ಹಿರಿಯರೊಬ್ಬರು ನನ್ನ ಮೇಜಿನ ಹತ್ತಿರ ಬಂದು ನೇರವಾಗಿ ಹೇಳಿದರು: "ಮೇಡಮ್ರ, ಊಟಕ್ಕ ಬರ್ತೀವ್ರಿ. ಆದ್ರ ಊಟದ ನಡುವ ಸಾಹೇಬ್ರು ಏನರ ಹೇಳಾಕ ಎದ್ದು ನಿಂತ್ರ, ತುತ್ತು ಇಳ್ಯಾಂಗಿಲ್ರಿ."

ಆದ್ದರಿಂದ ಕೂಟಕ್ಕೆ ಎಂಟು-ಹತ್ತು ದಿನ ಮೊದಲೇ ಬೇರೆ ಸಭೆ ಕರೆಯಿರಿ. ಅದಕ್ಕೆ ಚಹಾ ಬಿಸ್ಕೀಟು ಸಾಕು. ಮುಖ್ಯಸ್ಥರ ಕೈಯಲ್ಲಿ ಒಂದೇ ಹಾಳೆ ಇರಲಿ: ಏನು ತೀರ್ಮಾನವಾಗಿದೆ, ಏನು ಇನ್ನೂ ಆಗಿಲ್ಲ, ಅದು ಯಾವ ತಾರೀಖಿನೊಳಗೆ ಆಗುತ್ತದೆ, ಅಲ್ಲಿಯವರೆಗೆ ಯಾರನ್ನು ಕೇಳಬೇಕು. "ಎಲ್ಲ ಒಳ್ಳೆಯದಾಗುತ್ತದೆ" ಎಂಬ ಮಾತು ಆ ಹಾಳೆಯಲ್ಲಿ ಬೇಡ. ಅಕೌಂಟ್ಸ್‌ನವರಂತೆ ನೇರ ಪೆಟ್ಟು ಬೀಳುವವರಿಗೆ ಈ ಸಭೆಗೂ ಮುಂಚೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಬೇಕು. ತನ್ನ ಕೆಲಸ ಊರು ಬದಲಿಸುತ್ತದೆ ಎಂಬುದು ಯಾರಿಗೂ ನಾಲ್ಕು ಜನರ ನಡುವೆ ಮೊದಲ ಸಲ ತಿಳಿಯಬಾರದು. ಪರದೆಯ ಮೇಲಿದ್ದವನಿಗಂತೂ ಆಗ ಕ್ಯಾಮೆರಾ ಬಂದ್ ಮಾಡುವುದೊಂದೇ ದಾರಿ.

ಸುದ್ದಿ ಇನ್ನೂ ಹೇಳುವಂತಿಲ್ಲ, ಮೇಲಿನಿಂದ ಅನುಮತಿ ಬಂದಿಲ್ಲ ಎಂದಾದರೆ ಕೂಟವನ್ನು ಜನವರಿಗೆ ಸರಿಸಿ. ಸಂಕ್ರಾಂತಿ ಸುತ್ತಮುತ್ತ ಮಾಡಿದರೆ ಎಳ್ಳು-ಬೆಲ್ಲದ ನೆಪವೂ ಸಿಗುತ್ತದೆ.

ತಾರೀಖು, ಹೊತ್ತು, ಜಾಗ

ಬೆಳಗಾವಿಯಲ್ಲಿ ಡಿಸೆಂಬರ್ ತಾರೀಖು ಹಿಡಿಯುವವರು ಮೊದಲು ನೋಡಬೇಕಾದದ್ದು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ. ಅದು ನಡೆಯುವಷ್ಟು ದಿನ ಲಾಡ್ಜುಗಳ ರೂಮು, ಬಾಡಿಗೆ ಕಾರು ಸಿಗುವುದು ಕಷ್ಟ. ಪ್ರತಿಭಟನೆಗಳು ಇರುವುದರಿಂದ ಹೆದ್ದಾರಿಯಲ್ಲಿ ಎಲ್ಲಿ ತಡೆಯುತ್ತಾರೆಂದು ಹೇಳಲಾಗುವುದಿಲ್ಲ. ಪುಣೆಯಿಂದಲೋ ಹುಬ್ಬಳ್ಳಿಯಿಂದಲೋ ಬರುವವರಿದ್ದರೆ ಅಧಿವೇಶನ ಮುಗಿದ ಮೇಲಿನ ದಿನವನ್ನೇ ಹಿಡಿಯಿರಿ. ಆಮೇಲೆ ಪಂಚಾಂಗ ನೋಡಿ. ಎಳ್ಳ ಅಮವಾಸ್ಯೆ ಡಿಸೆಂಬರಿನ ದ್ವಿತೀಯಾರ್ಧಕ್ಕೋ ಜನವರಿಗೋ ಬರುತ್ತದೆ. ಆ ದಿನ ವಿಜಯಪುರ ಕಡೆಯವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಬೆಳೆಗೆ ನೈವೇದ್ಯ ಎರಚಿ), ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬರುತ್ತಾರೆ. ಅವತ್ತು ಕೂಟ ಇಟ್ಟರೆ ಇಂಡಿ, ಸಿಂದಗಿ ಹುಡುಗರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕ್ರಿಸ್‌ಮಸ್ಸಿನ ಹಿಂದು-ಮುಂದಿನ ದಿನವನ್ನೂ ಬಿಡಿ.

ಹೊತ್ತು ಹಿಡಿಯುವಾಗ ನಾನು ಅತಿ ದೂರದಲ್ಲಿ ಕೂತವನ ಪಾಳಿಯಿಂದ ಶುರು ಮಾಡುತ್ತೇನೆ. ಮೊದಲ ಪಾಳಿ ಸಂಜೆ 4ಕ್ಕೆ ಬಿಟ್ಟರೆ ಕೈಕಾಲು ತೊಳೆದು ಕ್ವಾರ್ಟರ್ಸ್ ಸೇರುವ ಹೊತ್ತಿಗೆ 5. ಆದ್ದರಿಂದ 5.15ಕ್ಕೆ ಶುರು, 6.30ರೊಳಗೆ ಪರದೆಯ ಭಾಗ ಮುಗಿಯಬೇಕು, ನಂತರ ಊಟ. ಡಿಸೆಂಬರಿನಲ್ಲಿ ಬೆಳಗಾವಿ ಥಂಡಿ ರಾತ್ರಿ ಏರಿದಂತೆ ಏರುತ್ತದೆ, ಬಯಲಿನ ಶಾಮಿಯಾನ ಯಾರಿಗೂ ಹಿತವಲ್ಲ. ಒಳಗಿನ ಹಾಲ್ ತೆಗೆದುಕೊಳ್ಳಿ. ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಗಾಡಿಯನ್ನು ಹಾಲಿನ ಜೊತೆಗೇ ಬುಕ್ ಮಾಡಿ, ಕೊನೆ ಗಳಿಗೆಗೆ ಬಿಡಬೇಡಿ. ಕಚೇರಿಯ ಹೊರಗೆ ನಡೆದರೂ ಕಂಪನಿಯ ಕಾರ್ಯಕ್ರಮ ಕಂಪನಿಯದೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ.

ಪರದೆಯ ಈಚೆ, ಪರದೆಯ ಆಚೆ

ಇಂಥ ಕೂಟಗಳು ಸಾಮಾನ್ಯವಾಗಿ ಕೆಡುವುದು ದನಿಯಿಂದ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಹಾಲಿನ ಸೌಂಡ್ ಸಿಸ್ಟಮ್ಮಿನವರಿಗೆ ಮೊದಲೇ ಹೇಳಿ, ಮಿಕ್ಸರಿನಿಂದ ಒಂದು ವೈರು ನೇರವಾಗಿ ಲ್ಯಾಪ್‌ಟಾಪಿಗೆ ಬರಬೇಕು. ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ನಂಬಿದರೆ ದೂರದವರಿಗೆ ಕೇಳುವುದು ಫ್ಯಾನು ಮತ್ತು ತಟ್ಟೆಯ ಸದ್ದು. ಹಾಲಿನೊಳಗೆ ಒಂದೇ ಒಂದು ಲ್ಯಾಪ್‌ಟಾಪಿನ ದನಿ ತೆರೆದಿರಲಿ. ಉಳಿದವರು ಮೊಬೈಲಿನಲ್ಲಿ ಸೇರಿಕೊಂಡರೆ ದನಿ ಮಾರ್ದನಿಯಾಗಿ ಕಿರುಚುತ್ತದೆ. ಉಚಿತ ಖಾತೆ ಬಳಸುವವರು ಒಂದು ನೆನಪಿಡಿ: ಜೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 60 ನಿಮಿಷ. ಯಾರೋ ಬೀಳ್ಕೊಡುಗೆಯ ಮಾತಾಡುತ್ತಿರುವಾಗ ಪರದೆ ಕಪ್ಪಾಗುವುದು ಬೇಡ, ಒಂದು ತಿಂಗಳ ಹಣ ಕಟ್ಟಿ. ಹೆಸ್ಕಾಂ ನಿರ್ವಹಣೆಗಾಗಿ ಕರೆಂಟ್ ತೆಗೆಯುವ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದೆಯೇ ನೋಡಿ. ಹಾಲಿನಲ್ಲಿ ಜನರೇಟರ್ ಇದ್ದರೂ ವೈಫೈ ಡಬ್ಬಿಗೆ ಬೇರೆ ಯುಪಿಎಸ್ ಇಡಿ. ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ಸಂಪರ್ಕ ಹೋಗಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಪರದೆಯ ಮಂದಿಗಾಗಿಯೇ ಹಾಲಿನಲ್ಲಿ ಒಬ್ಬರನ್ನು ನೇಮಿಸುವುದು. ಅವರಿಗೆ ಬೇರೆ ಕೆಲಸ ಕೊಡಬೇಡಿ. ಜಮಖಂಡಿಯಿಂದ ಕೈ ಎತ್ತಿದವನನ್ನು ನೋಡುವುದು, "ಸ್ವಲ್ಪ ತಡೀರಿ, ಅಲ್ಲಿಂದ ಮಾತು ಬರ್ತಿದೆ" ಎಂದು ವೇದಿಕೆಯನ್ನು ನಿಲ್ಲಿಸುವುದು ಅವರ ಅಧಿಕಾರ. ಕಾರ್ಯಕ್ರಮದ ಮೊದಲ ಮಾತೂ ದೂರದವರದೇ ಆಗಲಿ. ಕೊನೆಗೆ "ಆನ್‌ಲೈನ್‌ನಲ್ಲಿ ಯಾರಾದರೂ ಏನಾದರೂ ಹೇಳ್ತೀರಾ" ಎಂದು ಕೇಳಿದರೆ ಯಾರೂ ಹೇಳುವುದಿಲ್ಲ.

ಗಾಣದ ಮನೆಯೊಳಗೆ ಫೋನ್ ಮಾತು ಕೇಳುವುದೇ ಇಲ್ಲ. ಕಾರ್ಖಾನೆಯಲ್ಲಿ ಇರುವವರಿಗೆ ಗೆಸ್ಟ್ ಹೌಸಿನ ಒಂದು ಕೋಣೆ ಕೇಳಿ ಕೊಡಿಸಿ. ಇಬ್ಬರು-ಮೂವರು ಒಂದೇ ಕಡೆ ಇದ್ದರೆ ಬೇರೆ ಬೇರೆ ಫೋನ್ ಹಿಡಿಯದೆ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂರಲಿ. ಅದೂ ಒಂದು ಸಣ್ಣ ಕೂಟವೇ ಆಗುತ್ತದೆ.

ತಲೆಗೆ ಒಂದೇ ದರ

ಹಾಲಿನಲ್ಲಿ ಊಟಕ್ಕೆ ತಲೆಗೆ ಎಷ್ಟು ರೂಪಾಯಿಯೋ ದೂರದವರಿಗೂ ಅಷ್ಟೇ. ಇಲ್ಲಿ ಎಣ್ಣಗಾಯಿ, ಶೇಂಗಾ ಹೋಳಿಗೆ ಬಡಿಸಿ ಅಲ್ಲಿಗೆ ಒಂದು ಗ್ರೀಟಿಂಗ್ ಕಾರ್ಡ್ ಕಳಿಸುವುದು ಸಲ್ಲದು. ಮುಧೋಳದಲ್ಲೂ ಇಂಡಿಯಲ್ಲೂ ಒಳ್ಳೆಯ ಖಾನಾವಳಿಗಳಿವೆ. ಮುಂಚಿತವಾಗಿ ಫೋನ್ ಮಾಡಿ, ಬಿಸಿ ರೊಟ್ಟಿ, ಎರಡು ಪಲ್ಯ, ಝುಣಕ, ಮೊಸರು, ಒಂದು ಸಿಹಿ ಎಂದು ಹೇಳಿ ಯುಪಿಐ ಮಾಡಿದರೆ 6.30ಕ್ಕೆ ಡಬ್ಬಿ ಬಂದಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಹಣವನ್ನೇ ಕಳಿಸಿ, ಮನೆಯವರ ಜೊತೆ ಬೇಕಾದ್ದು ತರಿಸಿಕೊಳ್ಳಲಿ.

ಸಿಹಿಯ ಪೊಟ್ಟಣ ಎಲ್ಲರಿಗೂ ಒಂದೇ ದಿನ ಮುಟ್ಟಬೇಕು. ಕುಂದಾ ಬೆಳಗಾವಿಯ ಹೆಮ್ಮೆ, ಹಾಲಿನದು, ಹೆಚ್ಚು ದಿನ ಇಟ್ಟುಕೊಳ್ಳುವಂಥದ್ದಲ್ಲ. ಅದು ಕೂಟದ ಹಾಲ್‌ಗೆ ಬಂದವರ ಕೈಗೆ ಸರಿ. ಬೆಂಗಳೂರು, ಪುಣೆಗೆ ಕೊರಿಯರ್ ಮಾಡುವುದಾದರೆ ಗೋಕಾಕದ್ದೋ ಅಮೀನಗಡದ್ದೋ ಕರದಂಟು ಕಳಿಸಿ. ಅಂಟು, ಬೆಲ್ಲ, ಒಣಹಣ್ಣಿನ ಕರದಂಟು ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟರೆ ಪುಣೆಯ ಹೊಸ ಸಹೋದ್ಯೋಗಿಗಳಿಗೂ ನಮ್ಮ ಪರಿಚಯ ಮಾತಿಲ್ಲದೆ ಆಗುತ್ತದೆ. ರೊಟ್ಟಿ ಮುರಿಯದಂತೆ ರಟ್ಟಿನ ಡಬ್ಬದಲ್ಲಿ ಪತ್ರಿಕೆ ಸುತ್ತಿ ಕಟ್ಟಿಸಿ.

ಕಾರ್ಯಕ್ರಮದಲ್ಲಿ ಏನಿರಬೇಕು

ಬಹುಮಾನಗಳನ್ನು ಈ ವರ್ಷ ಬಿಟ್ಟುಬಿಡಿ. ಯಾರ ಕೆಲಸ ಉಳಿಯುತ್ತದೆ ಎಂಬ ಅನುಮಾನ ಇರುವಾಗ "ವರ್ಷದ ಉತ್ತಮ ನೌಕರ" ಎಂದು ಒಬ್ಬರ ಹೆಸರು ಕೂಗಿದರೆ ಉಳಿದವರಿಗೆ ಅದು ಬೇರೆಯೇ ಪಟ್ಟಿಯಂತೆ ಕೇಳಿಸುತ್ತದೆ. ಹೊಸ ಕಂಪನಿಯ ಬಗ್ಗೆ ರಸಪ್ರಶ್ನೆಯೂ ಬೇಡ. ಅದರ ಬದಲು ಹತ್ತು ನಿಮಿಷ ಹಳೆಯ ಕಂಪನಿಗೆ ಕೊಡಿ. ವಾರ ಮೊದಲು ಎಲ್ಲರಿಂದ ಅವರ ಫೋನಿನಲ್ಲಿರುವ ಒಂದೇ ಒಂದು ಹಳೆಯ ಫೋಟೋ ತರಿಸಿ, ಯಾರು ಕಳಿಸಿದ್ದೆಂದು ಬರೆದು ಒಂದರ ಹಿಂದೊಂದು ತೋರಿಸಿ. ಹಿನ್ನೆಲೆ ಸಂಗೀತ ಬೇಡ, ಜನರೇ ಮಾತಾಡುತ್ತಾರೆ. ನಮ್ಮಲ್ಲಿ ಒಬ್ಬರು ಆಯುಧಪೂಜೆಯ ದಿನ ಲೇಥ್ ಮಷಿನ್ನಿಗೆ ಕುಂಬಳಕಾಯಿ ಒಡೆಯುವ ಫೋಟೋ ಕಳಿಸಿದ್ದರು. ಅದರ ಮೂಲೆಯಲ್ಲಿ ನಿಂತ ತೆಳ್ಳನೆಯ ಹುಡುಗ ಈಗಿನ ಪ್ರೊಡಕ್ಷನ್ ಮ್ಯಾನೇಜರು ಎಂದು ಇಂಡಿಯಿಂದ ಗುರುತು ಹಿಡಿದದ್ದು ಒಬ್ಬ ಸರ್ವಿಸ್ ಎಂಜಿನಿಯರ್. ಕಣ್ಣೀರು ಬಂದರೆ ಬರಲಿ, ನಿರೂಪಕರು ಗಡಿಬಿಡಿಯಲ್ಲಿ ಮುಂದಿನದಕ್ಕೆ ಹೋಗಬಾರದು.

ನಂತರ ಸತ್ಕಾರ. ಹೋಗುವವರಿಗೆ, ವರ್ಗವಾಗುವವರಿಗೆ ಶಾಲು ಹೊದಿಸುವುದು ನಮ್ಮ ಪದ್ಧತಿ, ಅದನ್ನು ಪರದೆಯ ಕಾರಣಕ್ಕೆ ಬಿಡಬೇಡಿ. ದೂರದವರಿಗೆ ಶಾಲನ್ನು ಮೊದಲೇ ಕಳಿಸಿ, ಯಾರು ಹೊದಿಸುತ್ತಾರೆಂದು ಅವರ ಹತ್ತಿರವೇ ಕೇಳಿ. ಬಾಗಲಕೋಟೆಯಲ್ಲಿ ಮನೆಯಿಂದಲೇ ಡ್ರಾಯಿಂಗ್ ಮಾಡುತ್ತಿದ್ದ ಹುಡುಗಿಗೆ ಅವಳ ಅತ್ತೆ ಶಾಲು ಹೊದಿಸಿದರು. ಅವರಿಗೆ ಕ್ಯಾಮೆರಾ ಎಲ್ಲಿದೆಯೆಂದು ತಿಳಿಯದೆ ಬೆನ್ನು ನಮ್ಮ ಕಡೆಗಿತ್ತು. ಸೊಸೆಯ ಹೆಗಲ ಮೇಲೆ ಶಾಲಿನ ಎರಡೂ ಅಂಚು ಸಮ ಮಾಡಿ, ಕೆನ್ನೆ ಸವರಿ, "ಇಷ್ಟ ಕೆಲ್ಸ ಮಾಡ್ತಾಳಂತ ನಮಗ ಗೊತ್ತ ಇರಲಿಲ್ರಿ" ಎಂದರು. ಹಾಲಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ಷದ ನಡುವೆ ಕೆಲಸ ಬಿಟ್ಟವರನ್ನೂ ಕರೆಯಿರಿ ಎಂಬುದು ನನ್ನ ಒತ್ತಾಯ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಪುಣೆಯಿಂದ ಬರುವ ಹೊಸ ಮುಖ್ಯಸ್ಥರಿಗೆ ಮೂರು ನಿಮಿಷ ಸಾಕು. ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡಲಿ, ನಮ್ಮಲ್ಲಿ ಎರಡೂ ತಿಳಿದವರು ಬಹಳ. ಆದರೆ ತಿಳಿಯದವರೂ ಇರುವುದರಿಂದ ನಿರೂಪಕರು ಕನ್ನಡದಲ್ಲಿ ಸಾರ ಹೇಳಬೇಕು. ನಾನು ಅವರಿಗೆ ಕೇಳಿಕೊಂಡದ್ದು ಒಂದೇ: ಮುಂದಿನ ಯೋಜನೆ ಬೇಡ ಸರ್, ಇಲ್ಲಿಯವರೆಗೆ ಇವರು ಮಾಡಿದ ಕೆಲಸದಲ್ಲಿ ನೀವು ಕಣ್ಣಾರೆ ನೋಡಿದ ಒಂದನ್ನು ಹೆಸರಿಟ್ಟು ಹೇಳಿ. ಊಟಕ್ಕೆ ಅವರನ್ನು ಪ್ರತ್ಯೇಕ ಮೇಜಿನಲ್ಲಿ ಕೂರಿಸದೆ, ಸ್ಟೋರ್ಸ್, ಅಸೆಂಬ್ಲಿಯವರ ಪಂಕ್ತಿಯಲ್ಲೇ ಕೂರಿಸಿ.

ಹಾಜರಿ ಹಾಕಬೇಡಿ. ಬಾರದವರ ಪೊಟ್ಟಣವನ್ನು ಮರುದಿನ ಅವರ ಮೇಜಿಗೋ ಮನೆಗೋ ಮುಟ್ಟಿಸಿ, ಕಾರಣ ಕೇಳಬೇಡಿ.

ಮರುದಿನ ಬೆಳಿಗ್ಗೆ ಎರಡು ಕೆಲಸ ಬಾಕಿ ಇರುತ್ತವೆ. ಫೋಟೋಗಳನ್ನು ಗುಂಪಿಗೆ ಹಾಕುವಾಗ ಪರದೆಯ ಮೇಲಿದ್ದವರ ಸ್ಕ್ರೀನ್‌ಶಾಟುಗಳನ್ನೂ ಹಾಕಿ. ಅದಕ್ಕಾಗಿ ಕೂಟದ ಹೊತ್ತಿನಲ್ಲೇ ಯಾರಾದರೂ ತೆಗೆದಿಟ್ಟಿರಬೇಕು. ಇನ್ನೊಂದು, ಸುದ್ದಿ ಸಭೆಯ ದಿನ ಉತ್ತರ ಸಿಗದೆ ಉಳಿದ ಪ್ರಶ್ನೆಗಳು. ಊಟದ ಹೊತ್ತಿಗೆ ಜನ ಅವನ್ನು ಪಕ್ಕಕ್ಕೆ ಬಂದು ಮೆಲ್ಲಗೆ ನಿಮ್ಮನ್ನು ಮತ್ತೆ ಕೇಳಿರುತ್ತಾರೆ: ಪಿಎಫ್ ಖಾತೆ ಅದೇ ಇರುತ್ತದೆಯೇ, ಗ್ರಾಚ್ಯುಟಿಗೆ ಹಳೆಯ ಸೇವೆ ಹಿಡಿಯುತ್ತಾರೆಯೇ, ಉಳಿದ ರಜೆ ಏನಾಗುತ್ತದೆ. ಅವನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಉತ್ತರ ಕೊಡುವವರ ಹೆಸರು ಮತ್ತು ತಾರೀಖು ಹಾಕಿ, ನೋಟಿಸ್ ಬೋರ್ಡಿಗೂ ವಾಟ್ಸಾಪ್ ಗುಂಪಿಗೂ ಒಂದೇ ಹೊತ್ತಿಗೆ ಹಾಕಿ.