ಎಂ.ಎಡ್. ಪಾಠ ಯೋಜನೆ: ಪ್ರಶ್ನೆ ಮೊದಲು, ಆ್ಯಪ್ ಆಮೇಲೆ

ಹೈಸ್ಕೂಲಲ್ಲಿ ಪಾಠ ಮಾಡುತ್ತಾ ಎಂ.ಎಡ್. ಓದುವವರಿಗೆ ಈ ಅಸೈನ್‌ಮೆಂಟ್ ಬಂದೇ ಬರುತ್ತದೆ: ತಂತ್ರಜ್ಞಾನ ಬಳಸಿ ಒಂದು ವಿಜ್ಞಾನ ಪಾಠ ತಯಾರಿಸಿ. ಮಂಗಳೂರಲ್ಲಿ ನಾನು ಮೊದಲ ಸಲ ಇದನ್ನು ಮಾಡಿದಾಗ ಆ್ಯಪನ್ನೇ ಮೊದಲು ಆರಿಸಿದೆ, ಅದಕ್ಕೆ ತಕ್ಕ ಪಾಠ ಆಮೇಲೆ ಹುಡುಕಿದೆ. ಸ್ಲೈಡು, ಅನಿಮೇಶನ್ ಎಲ್ಲಾ ಚೆಂದ ಇತ್ತು. ಮಕ್ಕಳೂ ಖುಷಿಯಲ್ಲೇ ನೋಡಿದರು. ಮರುದಿನ ಅದೇ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿದರೆ ಕ್ಲಾಸಿಡೀ ಸುಮ್ಮನೆ ಕೂತಿತು. ಆಗ ನನಗೆ ತುಂಬಾ ಬೇಜಾರಾಯಿತು.

ಈಗ ನಾನು ಮಕ್ಕಳ ತಲೆಯಲ್ಲಿ ಏನಿದೆ ಅನ್ನುವುದರಿಂದ ಶುರು ಮಾಡುತ್ತೇನೆ. 9ನೇ ತರಗತಿಯ ಶಬ್ದದ ಪಾಠವನ್ನೇ ತಗೊಳ್ಳಿ. ನೆಹರೂ ಮೈದಾನದ ಈ ತುದಿಯಲ್ಲಿ ನಿಂತು ಆಚೆ ತುದಿಯ ಕ್ರಿಕೆಟ್ ನೋಡಿದರೆ ಬ್ಯಾಟು ಬೀಸಿದ್ದು ಮೊದಲು ಕಾಣುತ್ತದೆ, 'ಟಕ್' ಅನ್ನುವುದು ಆಮೇಲೆ ಕೇಳುತ್ತದೆ. ಮಿಂಚು, ಗುಡುಗೂ ಹಾಗೇ. "ಬೊಳ್ಪು ದುಂಬು, ಶಬ್ದ ಬೊಕ್ಕ" (ಬೆಳಕು ಮೊದಲು, ಶಬ್ದ ಆಮೇಲೆ) ಅಂತ ತುಳುವಲ್ಲೇ ಹೇಳುತ್ತಾರೆ ಮಕ್ಕಳು. ಹೇಳಲಿ ಬಿಡಿ, ಅವರು ಯೋಚನೆ ಮಾಡುವ ಭಾಷೆ ಅದು. ಆಮೇಲೆ ಕೇಳಿ: ಜೋರಾಗಿ ಚಪ್ಪಾಳೆ ತಟ್ಟಿದರೆ ಶಬ್ದ ಬೇಗ ತಲುಪುತ್ತದಾ? "ಹೌದು ಟೀಚರ್" ಅಂತ ಸುಮಾರು ಕೈಗಳು ಮೇಲೇಳುತ್ತವೆ. ನಿಮಗೆ ಪಾಠ ಸಿಕ್ಕಿತು.

ಇನ್ನು ಸಾಧನ. ನಾನು ನೋಡುವುದು ಇಷ್ಟೇ, ಕಣ್ಣು ಕಿವಿಗೆ ಸಿಗದ್ದನ್ನು ಅದು ಅಳೆದು ಕೊಡುತ್ತದಾ, ನೆಟ್ ಇಲ್ಲದೆ ನಡೆಯುತ್ತದಾ, ಎರಡೇ ಫೋನಲ್ಲಿ ಮುಗಿಯುತ್ತದಾ. ಮಕ್ಕಳು ಶಾಲೆಗೆ ಫೋನ್ ತರುವುದಿಲ್ಲ, ಹಾಗಾಗಿ ನಿಮ್ಮದೊಂದು, ಸಹೋದ್ಯೋಗಿಯದೊಂದು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಈ ಮೂರಕ್ಕೂ ಸರಿಹೊಂದುತ್ತದೆ. ಅದರಲ್ಲಿ ಶಬ್ದ ಕೇಳಿದೊಡನೆ ಓಡುವ, ಇನ್ನೊಂದು ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ.

ಕಾರಿಡಾರಿನಲ್ಲಿ ಟೇಪ್ ಹಿಡಿದು ಸರಿಯಾಗಿ 5 ಮೀಟರ್ ದೂರದಲ್ಲಿ ಎರಡು ಫೋನ್ ಇಡಿ. ಒಂದೊಂದು ಫೋನಿನ ಪಕ್ಕ ಒಬ್ಬೊಬ್ಬ ವಿದ್ಯಾರ್ಥಿ. ಮೊದಲನೆಯವಳು ಚಪ್ಪಾಳೆ ತಟ್ಟಿದರೆ ಅವಳ ಪಕ್ಕದ ಫೋನ್ ಕೂಡಲೇ ಓಡುತ್ತದೆ, ಆಚೆಯದ್ದು ಶಬ್ದ ಅಲ್ಲಿಗೆ ಮುಟ್ಟಿದ ಮೇಲೆ ಓಡುತ್ತದೆ. ಒಂದೆರಡು ಸೆಕೆಂಡ್ ಬಿಟ್ಟು ಎರಡನೆಯವನು ತಟ್ಟಬೇಕು, ಆಗ ಅವನ ಫೋನ್ ಮೊದಲು ನಿಲ್ಲುತ್ತದೆ, ಇವಳದ್ದು ಆಮೇಲೆ. ಎರಡು ಫೋನಿನ ಸಮಯದ ವ್ಯತ್ಯಾಸ ಅಂದರೆ ಶಬ್ದ ಹೋಗಿ ಬರಲು, ಅಂದರೆ 10 ಮೀಟರಿಗೆ, ತಗೊಂಡ ಸಮಯ. ಸುಮಾರು 0.029 ಸೆಕೆಂಡ್ ಬರುತ್ತದೆ. 10ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್ ಹತ್ತಿರ. ಪಠ್ಯಪುಸ್ತಕದಲ್ಲಿ 22 ಡಿಗ್ರಿಗೆ 344 ಅಂತ ಇದೆ, ನಮ್ಮೂರಿನ 32 ಡಿಗ್ರಿ ಸೆಕೆಗೆ ಸುಮಾರು 350 ಆಗಬೇಕು. ಆದರೆ 0.028 ಬಂದರೆ ಉತ್ತರ 357ಕ್ಕೆ ಏರುತ್ತದೆ, 0.030 ಬಂದರೆ 333ಕ್ಕೆ ಇಳಿಯುತ್ತದೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಷ್ಟು ವ್ಯತ್ಯಾಸ ಅಂತ ಮಕ್ಕಳೇ ಲೆಕ್ಕ ಹಾಕಿ ನೋಡಿದಾಗ, ಸರಾಸರಿ ಯಾಕೆ ತೆಗೆಯಬೇಕು ಅಂತ ನೀವು ಬೇರೆ ಹೇಳಬೇಕಾಗಿಲ್ಲ. ಐದಾರು ಸಲ ಅಳೆಯಿಸಿ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ತಟ್ಟಿಸಿ, ಎರಡರ ಸರಾಸರಿಯನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿಸಿ. ವೇಗ ಬದಲಾಗುವುದಿಲ್ಲ. ಆ ಹೊತ್ತಿಗೆ ಮಕ್ಕಳ ಮುಖ ನೋಡಬೇಕು ನೀವು!

ಒಂದು ಜಾಗ್ರತೆ. ಎಷ್ಟು ಜೋರಿನ ಶಬ್ದಕ್ಕೆ ಸ್ಟಾಪ್‌ವಾಚ್ ಓಡಬೇಕು ಅನ್ನುವ ಮಿತಿ ಆ್ಯಪಿನಲ್ಲಿದೆ. ಅದು ಸುತ್ತಲಿನ ಗಲಾಟೆಗಿಂತ ಮೇಲಿರಬೇಕು, ದೂರದಿಂದ ಬರುವ ಮೆಲ್ಲನೆಯ ಚಪ್ಪಾಳೆಗಿಂತ ಕೆಳಗಿರಬೇಕು. ಹಿಂದಿನ ದಿನ ಅದೇ ಜಾಗದಲ್ಲಿ ಮಾಡಿ ನೋಡಿ. ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಇದು ಖಂಡಿತ ಆಗುವುದಿಲ್ಲ. ಡಿಸೆಂಬರಿಗೆ ಇಟ್ಟುಕೊಳ್ಳಿ.

ವೇಗ ಯಾಕೆ ಬದಲಾಗಲಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಆಡಿಸಿ ನೋಡುವ ಪ್ರಯೋಗ, ಬೇಕಾಗುವುದು ಆಗ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ, ಇಂಥ ಸಿಮ್ಯುಲೇಶನ್ ಉಚಿತವಾಗಿ ಸಿಗುವ ತಾಣ ಫೆಟ್‌ನಲ್ಲಿ ಶಬ್ದದ ಅಲೆ ಹೋಗುವಾಗ ಗಾಳಿಯ ಕಣಗಳು ಹೇಗೆ ಅಲುಗುತ್ತವೆ ಅಂತ ಕಾಣುತ್ತದೆ. ಜೋರು ಹೆಚ್ಚಿಸಿದರೆ ಕಣಗಳ ಅಲುಗಾಟ ಜಾಸ್ತಿಯಾಗುತ್ತದೆ, ಅಲೆಯ ಓಟ ಹಾಗೇ ಇರುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಬೇಡ. ಐದು ನಿಮಿಷ ಸಾಕು.

ಬರವಣಿಗೆ ಸುಲಭ. ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಮುಂದಿಟ್ಟ ಟಿಪ್ಯಾಕ್ ಚೌಕಟ್ಟನ್ನೇ ಕೇಳುತ್ತಾರೆ ಅಲ್ವಾ? ಅದರಲ್ಲಿ ತಂತ್ರಜ್ಞಾನ, ಬೋಧನೆಯ ವಿಧಾನ, ವಿಷಯ ಮೂರನ್ನೂ ಬೇರೆಬೇರೆ ತುಂಬಿಸಿದರೆ ಸಾಲದು. "ಜೋರಾದ ಶಬ್ದ ವೇಗವಾಗಿ ಹೋಗುತ್ತದೆ ಅನ್ನುವ ತಪ್ಪು ಕಲ್ಪನೆಯನ್ನು ಮಕ್ಕಳೇ ಅಳತೆ ಮಾಡಿ ತಿದ್ದಿಕೊಳ್ಳಲಿಕ್ಕೆ ಈ ಸ್ಟಾಪ್‌ವಾಚ್" ಅಂತ ಒಂದೇ ವಾಕ್ಯದಲ್ಲಿ ಮೂರೂ ಬರಬೇಕು. ಆ ವಾಕ್ಯ ಬರೆಯಲಿಕ್ಕೆ ಆಗದಿದ್ದರೆ ಆ್ಯಪ್ ಬದಲಿಸಿ.

ಫೈಲಿಗೆ ಸ್ಕ್ರೀನ್‌ಶಾಟ್ ತುಂಬಿಸಲಿಕ್ಕೆ ಹೋಗಬೇಡಿ. ಪಾಠಕ್ಕೆ ಮೊದಲು ಎಷ್ಟು ಕೈ ಎದ್ದಿತು, ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ ಎಷ್ಟು ಎದ್ದಿತು ಅಂತ ಬರೆಯಿರಿ, ಜೊತೆಗೆ ಮಕ್ಕಳು ಕೈಯಲ್ಲೇ ಬರೆದ ಅಳತೆಯ ಹಾಳೆಗಳನ್ನು ಪಿನ್ ಮಾಡಿ, ತಪ್ಪಿದ ಲೆಕ್ಕಗಳ ಸಮೇತ.